ಹಬ್ಬದ ಕೃತಜ್ಞತೆ ಯೋಧರ ಮನೆಯ ಬಾಗಿಲಿಗೂ ತಲಪಲಿ

ಸಂಪಾದಕರಿಗೆ,

ಮಾನ್ಯರೇ,

ಈ ವರ್ಷದ ದೀಪಾವಳಿಯಂದು, ಅಂದರೆ 2025ರ ಅಕ್ಟೋಬರ್ 20ರಂದು, ಪ್ರಧಾನಿಯವರು ಗೋವಾ ತೀರದಾಚೆಯ ಸಮುದ್ರದಲ್ಲಿ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಾಂತ್‌ನ ಮೇಲೆ ನೌಕಾಪಡೆಯ ಸಿಬ್ಬಂದಿಯೊಂದಿಗೆ ಹಬ್ಬ ಆಚರಿಸಿದ ಚಿತ್ರಗಳನ್ನು ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳೂ ಪ್ರಕಟಿಸಿದವು. 2022ರಲ್ಲಿ ಕಾರ್ಗಿಲ್, 2023ರಲ್ಲಿ ಹಿಮಾಚಲದ ಲೆಪ್ಚಾ, 2024ರಲ್ಲಿ ಕಛ್, ಈ ಬಾರಿ ಅರಬ್ಬೀ ಸಮುದ್ರ. ದೇಶದ ಆಡಳಿತದ ಹೊಣೆ ಹೊತ್ತವರು ಹಬ್ಬದ ದಿನ ಸೈನಿಕರ ನಡುವೆ ನಿಲ್ಲುವುದು ಒಳ್ಳೆಯ ಪದ್ಧತಿಯೇ. ಆ ಬಗ್ಗೆ ನನಗೆ ತಕರಾರಿಲ್ಲ. ನನ್ನನ್ನು ಕಾಡುತ್ತಿರುವುದು ಬೇರೆ ಪ್ರಶ್ನೆ. ಗಡಿಗೆ ಹೋಗಲಾಗದ, ಹೋಗಬೇಕಾಗಿಯೂ ಇಲ್ಲದ ನಮ್ಮಂಥವರು, ಉಡುಪಿ-ಮಂಗಳೂರಿನ ಸಾಮಾನ್ಯ ಜನರು, ಈ ಹಬ್ಬಗಳ ಸಾಲಿನಲ್ಲಿ ಯೋಧರಿಗೆ ಹೇಳಬೇಕಾದ ಕೃತಜ್ಞತೆಯನ್ನು ಎಲ್ಲಿ, ಯಾರಿಗೆ, ಹೇಗೆ ಹೇಳುತ್ತಿದ್ದೇವೆ? ದೀಪಾವಳಿ ಮುಗಿದು ತಿಂಗಳು ದಾಟಿದೆ, ಕ್ರಿಸ್‌ಮಸ್ ಎದುರಿಗಿದೆ, ಅದರ ಬೆನ್ನಿಗೇ ಜನವರಿ 18ರಂದು ಉಡುಪಿಯಲ್ಲಿ ಶೀರೂರು ಮಠದ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಆ ಮಠಕ್ಕೆ ಬರುವ ಉತ್ಸವ. ಊರು ದೀಪಾಲಂಕಾರಕ್ಕೆ ಸಜ್ಜಾಗುತ್ತಿರುವ ಈ ಹೊತ್ತಿನಲ್ಲಿ ನನ್ನ ಅನಿಸಿಕೆಗಳನ್ನು ತಮ್ಮ ಓದುಗರ ಮುಂದಿಡಲು ಅವಕಾಶ ಕೋರುತ್ತೇನೆ.

ನಮ್ಮ ಕರಾವಳಿಯಲ್ಲಿ ಯೋಧರಿಗೆ ಗೌರವ ಸಲ್ಲಿಸುವುದೆಂದರೆ ಬಹುತೇಕ ಎರಡೇ ದಾರಿಗಳು ಉಳಿದಿವೆ. ಒಂದು, ವಾಟ್ಸ್‌ಆ್ಯಪ್ ಸ್ಟೇಟಸ್. ಅದರ ಆಯುಷ್ಯ ಒಂದು ದಿನ. ಇನ್ನೊಂದು, ವೇದಿಕೆಯ ಸನ್ಮಾನ. ಯಾವ ಸಂಘದ ವಾರ್ಷಿಕೋತ್ಸವಕ್ಕೆ ಹೋದರೂ ನಿವೃತ್ತ ಯೋಧರೊಬ್ಬರನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿರುತ್ತಾರೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಆಶೀರ್ವಚನ, ಮೂರು ನಾಲ್ಕು ಮಂದಿ ಗಣ್ಯರ ಭಾಷಣ ಎಲ್ಲ ಮುಗಿದ ಮೇಲೆ, ಸಭಿಕರ ಕಣ್ಣು ಊಟದ ಚಪ್ಪರದ ಕಡೆ ಹೊರಳುವ ಹೊತ್ತಿಗೆ ಅವರಿಗೊಂದು ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಸನ್ಮಾನಪತ್ರ ಓದುವವರು ಅವರ ರೆಜಿಮೆಂಟಿನ ಹೆಸರನ್ನು ತಪ್ಪಾಗಿ ಓದಿದರೂ ಅವರು ತಿದ್ದುವುದಿಲ್ಲ. ಎರಡು ಮಾತನಾಡಿ ಎಂದು ಮೈಕ್ ಕೊಟ್ಟರೆ 'ಎಲ್ಲರಿಗೂ ವಂದನೆಗಳು' ಎಂದಷ್ಟೇ ಹೇಳಿ ಕುಳಿತುಬಿಡುತ್ತಾರೆ. ಇದನ್ನು ಲೇವಡಿ ಮಾಡಲೆಂದು ಬರೆಯುತ್ತಿಲ್ಲ, ಸನ್ಮಾನ ಮಾಡುವವರ ಮನಸ್ಸು ಒಳ್ಳೆಯದೇ. ಆದರೆ ಆ ಶಾಲು ಕಪಾಟು ಸೇರಿದ ಮೇಲೆ ಆ ಮನೆಯ ಕಡೆ ತಿರುಗಿ ನೋಡುವವರು ಎಷ್ಟು ಮಂದಿ ಎಂಬುದನ್ನು ನಾವು ಕೇಳಿಕೊಳ್ಳಬೇಕಾಗಿದೆ.

ನಾನು ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು; ಸೇವೆಯ ಬಹುಪಾಲನ್ನು ಉಡುಪಿ ಜಿಲ್ಲೆಯ ಕಚೇರಿಗಳ ಕೌಂಟರಿನ ಹಿಂದೆ ಕಳೆದವನು. ಸೈನ್ಯದಲ್ಲಿ ದುಡಿದವನಲ್ಲ. ಆದರೂ ಸೈನಿಕರ ಮನೆಯವರನ್ನು ಹತ್ತಿರದಿಂದ ಕಂಡಿದ್ದೇನೆ, ಏಕೆಂದರೆ ಹಬ್ಬಕ್ಕೆ ಮೊದಲು ಅವರು ಬರುತ್ತಿದ್ದುದು ನಮ್ಮ ಕಿಟಕಿಗೇ. ಬಿಳಿ ಬಟ್ಟೆಯಲ್ಲಿ ಒತ್ತಾಗಿ ಹೊಲಿದ, ಹೊಲಿಗೆಯ ಮೇಲೆ ಅರಗು ಹಾಕಿದ ಪಾರ್ಸೆಲ್‌ಗಳು. ಒಳಗೆ ಚಕ್ಕುಲಿ, ಹಲಸಿನಕಾಯಿ ಹಪ್ಪಳ, ಬಾಳೆಕಾಯಿ ಚಿಪ್ಸ್, ಎಳ್ಳುಂಡೆ. ಡಿಸೆಂಬರ್ ಆದರೆ ಕ್ರಿಸ್‌ಮಸ್‌ನ ತಿಂಡಿಗಳಾದ ಕುಸ್ವಾರ್, ಅದರಲ್ಲೂ ಕೆಡದೆ ಉಳಿಯುವ ಕಿಡಿಯೊ, ಗುಳಿಯೊ, ನೆವ್ರಿ. ತೆಂಗಿನೆಣ್ಣೆಯ ಜಿಡ್ಡು ಬಟ್ಟೆಗೆ ಹರಡಿ ವಿಳಾಸದ ಶಾಯಿ ಕಲಸಿಹೋಗಬಾರದೆಂದು ಕೆಲವರು ವಿಳಾಸವನ್ನು ರಟ್ಟಿನ ಮೇಲೆ ಬರೆದು ಅದನ್ನೂ ಹೊಲಿದು ತರುತ್ತಿದ್ದರು. ಉಪ್ಪಿನಕಾಯಿಯ ಬಾಟಲಿ ಇಟ್ಟಿದ್ದೀರಾ ಎಂದು ಕೇಳಿದರೆ ಇಲ್ಲವೆನ್ನುತ್ತಿದ್ದರು. ತೂಕ ಹಾಕುವಾಗ ವಾಸನೆಯೇ ನಿಜ ಹೇಳುತ್ತಿತ್ತು. ಒಡೆದರೆ ಉಳಿದವರ ಪಾರ್ಸೆಲ್ಲೂ ಹಾಳಾಗುತ್ತದೆ ಎಂದು ತಿಳಿಹೇಳಿದರೆ ಅಲ್ಲಿಯೇ ನೆಲದ ಮೇಲೆ ಕುಳಿತು ಹೊಲಿಗೆ ಬಿಚ್ಚಿ ಬಾಟಲಿ ತೆಗೆದು, ಆ ಜಾಗಕ್ಕೆ ಏನು ತುಂಬುವುದೆಂದು ತೋಚದೆ, ಕೈಯಲ್ಲಿದ್ದ ಆ ದಿನದ ಪತ್ರಿಕೆಯನ್ನೇ ಮಡಚಿ ಇಟ್ಟ ತಾಯಂದಿರೂ ಉಂಟು. ಕನ್ನಡ ಪತ್ರಿಕೆ ಸಿಕ್ಕಿದ್ದಕ್ಕೆ ಮಗ ತಿಂಡಿಗಿಂತ ಹೆಚ್ಚು ಸಂತೋಷಪಟ್ಟನಂತೆ ಎಂದು ಒಬ್ಬರು ಮುಂದಿನ ಬಾರಿ ಬಂದಾಗ ಹೇಳಿದ್ದರು.

ಆ ಪಾರ್ಸೆಲ್‌ಗಳ ವಿಳಾಸದಲ್ಲಿ ಊರಿನ ಹೆಸರಿರುವುದಿಲ್ಲ. ಯೋಧರ ಸಂಖ್ಯೆ, ಹುದ್ದೆ, ಹೆಸರು, ಘಟಕ, ಕೊನೆಗೆ '56 ಎಪಿಒ' ಅಥವಾ '99 ಎಪಿಒ', ಅಷ್ಟೇ. ಎಪಿಒ ಎಂದರೆ ಸೇನಾ ಅಂಚೆ ಕಚೇರಿ. ಮೊದಲನೆಯದಕ್ಕೆ ಹೋಗುವ ಟಪಾಲು ದೆಹಲಿಯಲ್ಲಿರುವ ಸೇನೆಯ ಅಂಚೆ ಕೇಂದ್ರಕ್ಕೆ, ಎರಡನೆಯದಕ್ಕೆ ಹೋಗುವುದು ಕೋಲ್ಕತ್ತದ ಕೇಂದ್ರಕ್ಕೆ ಸೇರಿ, ಅಲ್ಲಿಂದ ಸೇನಾ ಅಂಚೆಯವರ ಕೈಯಲ್ಲಿ ಘಟಕವಿರುವ ಜಾಗಕ್ಕೆ ಸಾಗುತ್ತದೆ. ನೌಕೆಯಲ್ಲಿರುವವರಿಗಾದರೆ ನೌಕಾಪಡೆಯ ಫ್ಲೀಟ್ ಮೇಲ್ ಆಫೀಸ್. ಘಟಕ ಎಲ್ಲಿದೆ ಎಂಬುದು ಗುಟ್ಟಾಗಿರಬೇಕಾದ ಕಾರಣ ಈ ವ್ಯವಸ್ಥೆ. ಮಗ ಎಲ್ಲಿದ್ದಾನಮ್ಮ ಎಂದು ಕೇಳಿದರೆ 'ಐವತ್ತಾರರಲ್ಲಿ ಇದ್ದಾನೆ ಮಾರಾಯ್ರೆ' ಎಂದು ಅದೊಂದು ಊರೆಂಬಂತೆ ಉತ್ತರ ಕೊಡುತ್ತಿದ್ದವರಿದ್ದರು. 1999ರ ಕಾರ್ಗಿಲ್ ಯುದ್ಧದ ದಿನಗಳಲ್ಲಿ ಜೂನ್ ತಿಂಗಳ ಜಡಿಮಳೆಯಲ್ಲಿಯೂ ನೆನೆದುಕೊಂಡು ಬಂದು, ಅತ್ತಲಿಂದ ಕಾಗದವೇನಾದರೂ ಬಂದಿದೆಯೇ ಎಂದು ಕೇಳಿ, ಇಲ್ಲವೆಂದರೆ ಛತ್ರಿ ಬಿಡಿಸಿ ಸುಮ್ಮನೆ ಹಿಂದಿರುಗುತ್ತಿದ್ದ ಮುಖಗಳನ್ನು ನಾನು ಮರೆತಿಲ್ಲ. ಈಗ ಮೊಬೈಲ್ ಬಂದಿದೆ, ವಿಡಿಯೊ ಕಾಲ್ ಇದೆ. ಆದರೂ ಎತ್ತರದ ಠಾಣೆಗಳಲ್ಲಿ, ಸಮುದ್ರದ ನಡುವೆ ತಿಂಗಳುಗಟ್ಟಲೆ ಇರುವ ನೌಕೆಗಳಲ್ಲಿ ಸಿಗ್ನಲ್ ಎಂಬುದು ಬೇಕೆಂದಾಗ ಸಿಗುವ ವಸ್ತುವಲ್ಲ.

ಹಬ್ಬಕ್ಕೆ ರಜೆ ಹಾಕಿ ಬರಬಹುದಲ್ಲ ಎಂದು ಸಲೀಸಾಗಿ ಹೇಳುವವರಿದ್ದಾರೆ. ಯೋಧರಿಗೆ ವರ್ಷಕ್ಕೆ 60 ದಿನಗಳ ವಾರ್ಷಿಕ ರಜೆ ಇದೆಯೆಂಬುದು ನಿಜ. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಡಿ ಸೇರಿದ ಅಗ್ನಿವೀರರಿಗೆ ಅದು 30 ದಿನ ಮಾತ್ರ. ಆದರೆ ರಜೆ ಇರುವುದು ಬೇರೆ, ಹಬ್ಬದ ದಿನಕ್ಕೇ ಸಿಗುವುದು ಬೇರೆ. ಒಂದು ಘಟಕದವರೆಲ್ಲ ಒಟ್ಟಿಗೇ ಊರಿಗೆ ಹೊರಡಲು ಸಾಧ್ಯವಿಲ್ಲದ್ದರಿಂದ ರಜೆಯನ್ನು ಸರದಿಯ ಮೇಲೆ ಹಂಚುತ್ತಾರೆ, ಪರಿಸ್ಥಿತಿ ಬಿಗಡಾಯಿಸಿದರೆ ಮಂಜೂರಾದ ರಜೆಯೂ ರದ್ದಾಗುತ್ತದೆ. ಕಳೆದ ಮೇ ತಿಂಗಳಿನಲ್ಲಿ ಆಪರೇಷನ್ ಸಿಂದೂರದ ವೇಳೆ ತಂಗಿಯ ಮದುವೆಗೆಂದು, ಮನೆಯ ಒಕ್ಕಲಿಗೆಂದು ಬಂದಿದ್ದ ನಮ್ಮ ಕಡೆಯ ಹುಡುಗರೂ ಕರೆ ಬಂದ ಕೂಡಲೇ ಬ್ಯಾಗ್ ಹೆಗಲಿಗೇರಿಸಿ ಹೊರಟುಹೋದದ್ದನ್ನು ನಾವು ನೋಡಿದ್ದೇವೆ. ಇನ್ನು ರಜೆ ಸಿಕ್ಕರೂ ದಾರಿಯ ಪಾಡು ಬೇರೆಯೇ. ಮಂಗಳೂರು ಸೆಂಟ್ರಲ್‌ನಿಂದ ಜಮ್ಮುವಿನ ಕಡೆಗೆ ನೇರವಾಗಿ ಸಂಚರಿಸುವ ನವಯುಗ ಎಕ್ಸ್‌ಪ್ರೆಸ್ ವಾರಕ್ಕೊಮ್ಮೆ ಮಾತ್ರ. ಇಲ್ಲವಾದರೆ ಜಮ್ಮುವಿನಿಂದ ದೆಹಲಿಗೆ ಬಂದು, ನಿಜಾಮುದ್ದೀನ್‌ನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ, ಕೊಂಕಣ ರೈಲು ಮಾರ್ಗವಾಗಿ ಉಡುಪಿ ಸೇರಬೇಕು. ಮುಂಗಡ ಕಾಯ್ದಿರಿಸುವ ಅವಧಿ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆಯಾದರೂ ಹಬ್ಬದ ಟಿಕೆಟುಗಳು ಕಿಟಕಿ ತೆರೆದ ಕ್ಷಣದಲ್ಲೇ ಮುಗಿಯುತ್ತವೆ, ಯೋಧರಿಗೆ ರಜೆ ಖಚಿತವಾಗುವುದು ಕೊನೆಯ ಗಳಿಗೆಯಲ್ಲಿ. ಶೌಚಾಲಯದ ಬಳಿ ತನ್ನ ಕಪ್ಪು ಟ್ರಂಕಿನ ಮೇಲೆ ಕುಳಿತು ರಾತ್ರಿ ಕಳೆಯುವ ಜವಾನನಿಗೆ ಸ್ವಲ್ಪ ಹೊತ್ತು ಬರ್ತ್ ಬಿಟ್ಟುಕೊಡುವುದೂ ಕೃತಜ್ಞತೆಯೇ ಎಂದು ನಾನು ತಿಳಿದಿದ್ದೇನೆ. ಅದಕ್ಕೆ ವೇದಿಕೆ ಬೇಡ, ಫೋಟೊವೂ ಬೇಡ.

ಅಲ್ಲಿ ಹಬ್ಬವೇ ಇಲ್ಲವೆಂದಲ್ಲ. ಘಟಕಗಳಲ್ಲಿ ಎಲ್ಲ ಮತದವರೂ ಸೇರುವ ಸರ್ವಧರ್ಮ ಸ್ಥಳಗಳಿರುತ್ತವೆ, ವಿಶೇಷ ದಿನಗಳಲ್ಲಿ ಅಧಿಕಾರಿಗಳೂ ಜವಾನರೂ ಒಟ್ಟಿಗೆ ಕುಳಿತು ಉಣ್ಣುವ 'ಬಡಾ ಖಾನಾ' ನಡೆಯುತ್ತದೆ. ಬಡಾ ಖಾನಾದ ಮಾತು ಬಂದರೆ ನಮ್ಮ ನೆರೆಯ ನಿವೃತ್ತ ಹವಾಲ್ದಾರರು ಇಂದಿಗೂ ಕುರ್ಚಿಯ ತುದಿಗೆ ಬಂದು ಕುಳಿತುಕೊಳ್ಳುತ್ತಾರೆ. ಪಂಜಾಬಿನವರಿಗೆ ನೀರುದೋಸೆ ಮಾಡಿ ಬಡಿಸಲು ಹೋಗಿ, ಅಕ್ಕಿ ನೆನೆಯಲು ನೀರೇ ಹೆಪ್ಪುಗಟ್ಟಿದ್ದ ಕಥೆಯನ್ನು ಅವರು ಹೇಳುವ ಶೈಲಿಯೇ ಸೊಗಸು. ಹಬ್ಬದ ದಿನ ಹೆಚ್ಚು ಬರಿದಾಗುವುದು ಅಲ್ಲಲ್ಲ, ಇಲ್ಲಿ. ಎಣ್ಣೆಸ್ನಾನಕ್ಕೆ ಹಂಡೆ ತುಂಬಿಸುವವರು, ಗೂಡುದೀಪವನ್ನು ಎತ್ತರಕ್ಕೆ ಕಟ್ಟುವವರು, ಬಲಿಯೇಂದ್ರನಿಗೆ ಕೂಗು ಹಾಕಲು ಗದ್ದೆಯ ಅಂಚಿಗೆ ದೊಂದಿ ಹಿಡಿದು ಹೋಗುವವರು ಮನೆಯಲ್ಲಿಲ್ಲ. ಮುದುಕ ತಂದೆ ಏಣಿ ಹತ್ತಲಾರರು, ಸೊಸೆ ಮಗುವನ್ನು ನೋಡಿಕೊಳ್ಳಬೇಕು. ಅಂಥ ಎಷ್ಟೋ ಮನೆಗಳಲ್ಲಿ ಹಬ್ಬವೆಂದರೆ ಸಂಜೆ ಬರಬಹುದಾದ ಒಂದು ಫೋನ್ ಕರೆ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಯೋಧರಿಗೆ ನಾವು ಸಲ್ಲಿಸುವ ಕೃತಜ್ಞತೆ ಮೊದಲು ಹೋಗಬೇಕಾದದ್ದು ಅವರು ಬಿಟ್ಟುಹೋಗಿರುವ ಮನೆಗೆ. ಏಣಿ ಹತ್ತಿ ಗೂಡುದೀಪ ಕಟ್ಟಿಕೊಡುವ ನೆರೆಮನೆಯ ಹುಡುಗ ಮಾಡುವ ಕೆಲಸವನ್ನು ಯಾವ ಸನ್ಮಾನಪತ್ರವೂ ಮಾಡಲಾರದು.

ಸಂಬಳ ಪಡೆದು ಮಾಡುವ ಕೆಲಸಕ್ಕೆ ಇಷ್ಟು ಕೃತಜ್ಞತೆ ಏಕೆ, ಹಬ್ಬದ ದಿನ ದಾದಿಯರು, ಪೊಲೀಸರು, ಬಸ್ ಚಾಲಕರು, ಮೆಸ್ಕಾಂ ಲೈನ್‌ಮನ್‌ಗಳೂ ದುಡಿಯುವುದಿಲ್ಲವೇ ಎಂದು ನನ್ನ ಸ್ನೇಹಿತರೊಬ್ಬರು ವಾದಿಸುತ್ತಾರೆ. ದುಡಿಯುತ್ತಾರೆ, ಅವರಿಗೂ ನಾವು ಋಣಿಗಳೇ. ಅಂಚೆಯವರಿಗೂ ಎಂದು ಸೇರಿಸಿಕೊಳ್ಳಲು ನನಗೆ ಆಸೆಯಿದೆ. ಆದರೆ ಪಾಳಿ ಮುಗಿದ ಮೇಲೆ ಅವರು ಮನೆಗೆ ಬರುತ್ತಾರೆ. ಸೈನಿಕರ ಕೆಲಸದಲ್ಲಿ ಆ ಭರವಸೆ ಯುದ್ಧವಿಲ್ಲದ ದಿನಗಳಲ್ಲೂ ಇಲ್ಲ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನ ಹಿಮಕುಸಿತದಲ್ಲಿ ಸಿಲುಕಿ, ದಿನಗಟ್ಟಲೆ ಹಿಮದಡಿಯಲ್ಲಿ ಜೀವ ಹಿಡಿದುಕೊಂಡಿದ್ದು ಕೊನೆಗೆ ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಧಾರವಾಡ ಜಿಲ್ಲೆಯ ಬೆಟದೂರಿನವರು. ಅಂದು ಅಲ್ಲಿ ಯಾರೂ ಗುಂಡು ಹಾರಿಸಿರಲಿಲ್ಲ, ಕೊಂದದ್ದು ಹಿಮ. ಕಳೆದ ವರ್ಷ, 2024ರ ಡಿಸೆಂಬರ್ 24ರಂದು, ನಮ್ಮ ಇಗರ್ಜಿಗಳಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಪೂಜೆಗೆ ಸಿದ್ಧತೆ ನಡೆಯುತ್ತಿದ್ದ ಸಂಜೆ, ಜಮ್ಮು-ಕಾಶ್ಮೀರದ ಪೂಂಛ್ ಜಿಲ್ಲೆಯಲ್ಲಿ ಸೇನಾ ವಾಹನವೊಂದು ಕಮರಿಗೆ ಉರುಳಿತು. ಅಂದು ಮೃತಪಟ್ಟ ಐವರಲ್ಲಿ ಮೂವರು ಕರ್ನಾಟಕದವರು; ಅವರಲ್ಲೊಬ್ಬರು ಕುಂದಾಪುರ ತಾಲ್ಲೂಕಿನ ಬೀಜಾಡಿಯವರು. ಗಾಯಗೊಂಡಿದ್ದ ಕೊಡಗಿನ ಯೋಧರೊಬ್ಬರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಬೀಜಾಡಿಯ ಆ ಮನೆಗೆ ಈ ಡಿಸೆಂಬರ್ ಹೇಗಿರುತ್ತದೆ ಎಂಬುದನ್ನು ಊಹಿಸಬಲ್ಲೆನಾದ್ದರಿಂದ ಹೆಸರು ಹಿಡಿದು ಬರೆಯುತ್ತಿಲ್ಲ.

ಪಾರ್ಥಿವ ಶರೀರ ಊರಿಗೆ ಬಂದಾಗ ನಮ್ಮ ಜನ ತೋರುವ ಗೌರವದಲ್ಲಿ ಕೊರತೆಯಿಲ್ಲ. ಹೆದ್ದಾರಿಯ ಎರಡೂ ಬದಿಯಲ್ಲಿ ಶಾಲಾ ಮಕ್ಕಳು ಧ್ವಜ ಹಿಡಿದು ನಿಲ್ಲುತ್ತಾರೆ, ಅಂಗಡಿಗಳು ತಾವಾಗಿಯೇ ಬಾಗಿಲು ಹಾಕುತ್ತವೆ, ದೊಡ್ಡವರು ಚಿಕ್ಕವರು ಎಲ್ಲರೂ ಸಾಲಿನಲ್ಲಿ ನಿಂತು ಅಂತಿಮ ದರ್ಶನ ಪಡೆಯುತ್ತಾರೆ. ಆ ದೃಶ್ಯವನ್ನು ಕಂಡು ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಆದರೆ ವರ್ಷಾಂತಿಕ ಬರುವ ಹೊತ್ತಿಗೆ ಆ ಮನೆಯ ಅಂಗಳದಲ್ಲಿ ಹತ್ತಿರದ ಬಂಧುಗಳನ್ನು ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. ಸತ್ತ ಯೋಧನಿಗೆ ಸಾವಿರಾರು ಮಂದಿ, ಬದುಕಿರುವ ಯೋಧನ ತಾಯಿಯನ್ನು ಪಡಿತರದ ಅಂಗಡಿಯ ಸಾಲಿನಲ್ಲಿ ಗುರುತಿಸುವವರು ಇಲ್ಲ ಎಂದರೆ ನಮ್ಮ ಗೌರವದ ಲೆಕ್ಕದಲ್ಲಿ ಏನೋ ಏರುಪೇರಾಗಿದೆ.

ಕರಾವಳಿಯವರಾದ ನಾವು ಸಮುದ್ರದ ಕಡೆಯ ಋಣವನ್ನು ಇನ್ನೂ ಬೇಗ ಮರೆಯುತ್ತೇವೆ. ಮಲ್ಪೆಯಿಂದ ಮೀನುಗಾರಿಕೆಗೆ ಹೊರಟಿದ್ದ 'ಸುವರ್ಣ ತ್ರಿಭುಜ' ಬೋಟ್, ಉಡುಪಿ ಮತ್ತು ಉತ್ತರ ಕನ್ನಡದ 7 ಮಂದಿ ಮೀನುಗಾರರೊಂದಿಗೆ 2018ರ ಡಿಸೆಂಬರ್ 15ರ ರಾತ್ರಿ ಸಂಪರ್ಕ ಕಡಿದುಕೊಂಡದ್ದು ಇಲ್ಲಿ ಯಾರಿಗೆ ನೆನಪಿಲ್ಲ? ಶೋಧ ಸಾಲದೆಂದು ನಾವು ಬೀದಿಗಿಳಿದೆವು. ಮನೆಯವರ ಸಂಕಟ ಅಂಥದ್ದಾಗಿತ್ತು, ಆ ಸಿಟ್ಟು ತಪ್ಪೆಂದು ನಾನು ಹೇಳಲಾರೆ. ಆದರೆ ಆ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ದಿನಗಳಲ್ಲಿ ನೌಕಾಪಡೆಯ, ಕೋಸ್ಟ್ ಗಾರ್ಡ್‌ನ ಹಡಗು-ವಿಮಾನಗಳಲ್ಲಿ ಇದ್ದವರೂ ಯಾರದೋ ಮಕ್ಕಳೇ. ತಿಂಗಳುಗಳ ಬಳಿಕ, 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಕಡೆಯ ಕಡಲಾಳದಲ್ಲಿ ಬೋಟಿನ ಅವಶೇಷವನ್ನು ಪತ್ತೆಹಚ್ಚಿದ್ದು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್. ಮೊನ್ನೆ ಜೂನ್‌ನಲ್ಲಿ ಕೇರಳ ತೀರದಾಚೆ ವಾನ್ ಹೈ 503 ಎಂಬ ಸರಕು ಹಡಗು ಹೊತ್ತಿ ಉರಿದಾಗ ಅದರಿಂದ ಪಾರಾದ 18 ಮಂದಿಯನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ತಂದು ಇಳಿಸಿದ್ದು ನಮ್ಮ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ. ಕೋಸ್ಟ್ ಗಾರ್ಡ್‌ನ ಕರ್ನಾಟಕದ ಕೇಂದ್ರ ಕಚೇರಿ ಇರುವುದೂ ಪಣಂಬೂರಿನಲ್ಲೇ. ಅಲ್ಲಿ ದುಡಿಯುವವರಲ್ಲಿ ಉತ್ತರ ಭಾರತದವರು, ಈಶಾನ್ಯದವರು, ಒಡಿಶಾದವರು ಎಲ್ಲ ಇದ್ದಾರೆ. ನಮ್ಮ ಮಕ್ಕಳು ಅಲ್ಲಿ ಹಬ್ಬ ಕಳೆಯುವಂತೆಯೇ ಅವರು ಇಲ್ಲಿ ಕಳೆಯುತ್ತಾರೆ. ಪಣಂಬೂರು ಕಡಲತೀರಕ್ಕೆ ಡಿಸೆಂಬರ್‌ನಲ್ಲಿ ಜನ ಜಾತ್ರೆಯಂತೆ ಸೇರುತ್ತಾರೆ, ಕೂಗಳತೆಯ ದೂರದಲ್ಲಿರುವ ಇವರಿಗೆ ಒಂದು ಡಬ್ಬಿ ಕುಸ್ವಾರ್ ಕಳುಹಿಸಿದ ಇಗರ್ಜಿಯ ಯುವಜನರ ತಂಡವೋ, ಹೋಳಿಗೆ ಕಳುಹಿಸಿದ ಮಹಿಳಾ ಮಂಡಲವೋ ಇದ್ದರೆ ಅವರ ಬಗ್ಗೆ ಓದಲು ನನಗೆ ಸಂತೋಷವಾದೀತು. ಒಳಗೆ ಬಿಡುತ್ತಾರೋ ಇಲ್ಲವೋ ಎಂಬುದು ಆಮೇಲಿನ ಮಾತು. ಮೊದಲೇ ಪತ್ರ ಬರೆದು ಅನುಮತಿ ಕೇಳಿದರಾಯಿತು.

ಡಿಸೆಂಬರ್ ತಿಂಗಳೇ ಒಂದು ಬಗೆಯಲ್ಲಿ ಸೈನಿಕರ ತಿಂಗಳು. 1971ರ ಯುದ್ಧ ಆರಂಭವಾದದ್ದು ಡಿಸೆಂಬರ್ 3ರಂದು. ಮರುದಿನ ಕರಾಚಿ ಬಂದರಿನ ಮೇಲೆ ನಡೆಸಿದ ದಾಳಿಯ ನೆನಪಿಗೆ ಡಿಸೆಂಬರ್ 4 ನೌಕಾಪಡೆಯ ದಿನವಾಯಿತು. 9ರಂದು ದಿಯು ತೀರದಾಚೆ ಐಎನ್‌ಎಸ್ ಖುಕ್ರಿ ಮುಳುಗಿ 18 ಅಧಿಕಾರಿಗಳೂ 176 ನಾವಿಕರೂ ಸಮುದ್ರ ಸೇರಿದರು. 16ರಂದು ವಿಜಯ. ಈ ದಿನಗಳ ಪೈಕಿ ಕದ್ರಿಯ ಯುದ್ಧ ಸ್ಮಾರಕದಲ್ಲಿ ಒಂದೆರಡು ಹೂಗುಚ್ಛ ಬೀಳುವುದನ್ನು ಬಿಟ್ಟರೆ, ಸಮುದ್ರವನ್ನೇ ನಂಬಿ ಬದುಕುವ ನಮ್ಮೂರುಗಳಲ್ಲಿ ನೌಕಾಪಡೆಯ ದಿನ ಯಾವಾಗ ಎಂದು ಕೇಳಿದರೆ ಹೇಳಬಲ್ಲ ಶಾಲಾ ಮಕ್ಕಳು ವಿರಳ.

ಇವೆಲ್ಲದರ ನಡುವೆ ಬರುವುದು ಡಿಸೆಂಬರ್ 7, ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ನಡೆದುಬಂದ ಪದ್ಧತಿ ಇದು. ಸೇನೆಗೆ ಕೆಂಪು, ನೌಕಾಪಡೆಗೆ ಕಡುನೀಲಿ, ವಾಯುಪಡೆಗೆ ತಿಳಿನೀಲಿ ಬಣ್ಣಗಳಿರುವ ಪುಟ್ಟ ಧ್ವಜವನ್ನು ಅಂಗಿಗೆ ಚುಚ್ಚಿ, ಡಬ್ಬಿಗೆ ನಮ್ಮಿಂದ ಹಣ ಹಾಕಿಸಿಕೊಳ್ಳುತ್ತಿದ್ದ ಶಾಲಾ ಮಕ್ಕಳನ್ನು ನನ್ನ ತಲೆಮಾರಿನವರು ಮರೆತಿರಲಾರರು. ಈಗಿನ ಪಾಡೇನೆಂದರೆ ಕಚೇರಿಗಳಿಗೆ ಇಷ್ಟು ಧ್ವಜ ಎಂದು ಕಟ್ಟು ಬರುತ್ತದೆ, ಮೇಲಧಿಕಾರಿಯ ಗುಮಾಸ್ತರು ತಲೆಗಿಷ್ಟು ಎಂದು ಸಂಗ್ರಹಿಸಿ ಲೆಕ್ಕ ಮುಗಿಸುತ್ತಾರೆ, ಧ್ವಜಗಳು ಮೇಜಿನ ಖಾನೆಯಲ್ಲಿ ಉಳಿಯುತ್ತವೆ. ಕೊಡುವವರಿಗೆ ಆ ಹಣ ಎಲ್ಲಿಗೆ ಹೋಗುತ್ತದೆಂಬುದು ತಿಳಿದಿಲ್ಲದಿರುವುದೇ ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ.

ಆದ್ದರಿಂದ ಅದನ್ನು ಸ್ವಲ್ಪ ವಿವರಿಸುತ್ತೇನೆ. ಸೈನ್ಯದಲ್ಲಿ ದುಡಿದವರೆಲ್ಲರಿಗೂ ಪಿಂಚಣಿ ಇದೆ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಪಿಂಚಣಿಗೆ ಬೇಕಾದಷ್ಟು ವರ್ಷ ಪೂರೈಸದೆ ಹೊರಬಂದವರಿಗೆ ಅದಿಲ್ಲ. ಅಂಥ ಹವಾಲ್ದಾರ್ ದರ್ಜೆವರೆಗಿನ, 65 ವರ್ಷ ದಾಟಿದ, ಬೇರೆ ಆದಾಯವಿಲ್ಲದ ಮಾಜಿ ಸೈನಿಕರಿಗೂ ಅವರ ವಿಧವೆಯರಿಗೂ ಧ್ವಜ ದಿನದ ನಿಧಿಯಿಂದ ತಿಂಗಳಿಗೆ ಸಿಗುತ್ತಿದ್ದ ನೆರವು 4,000 ರೂಪಾಯಿ. ಅದನ್ನು 8,000ಕ್ಕೆ ಏರಿಸಲು ರಕ್ಷಣಾ ಸಚಿವರು ಈಚೆಗೆ ಒಪ್ಪಿಗೆ ಕೊಟ್ಟಿದ್ದಾರೆ. ಮಕ್ಕಳ ವಿದ್ಯಾಭ್ಯಾಸದ ನೆರವು ತಲಾ 1,000ದಿಂದ 2,000ಕ್ಕೆ, ಮದುವೆಯ ನೆರವು 50,000ದಿಂದ 1 ಲಕ್ಷಕ್ಕೆ ಏರಿದೆ. ನವೆಂಬರ್ 1ರ ನಂತರದ ಅರ್ಜಿಗಳಿಗೆ ಇದು ಅನ್ವಯ. ನೆರವು ಇಮ್ಮಡಿಯಾದರೆ ನಿಧಿಗೆ ಬರುವ ಹಣವೂ ಹೆಚ್ಚಬೇಕಲ್ಲವೇ? ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದ ಮೂಲಕ ಮನೆಯಲ್ಲೇ ಕುಳಿತು ದೇಣಿಗೆ ಕೊಡಬಹುದು, ಆದಾಯ ತೆರಿಗೆಯ 80ಜಿ ವಿನಾಯಿತಿಯೂ ಇದೆ. ಪಟಾಕಿಗೆ ಸುರಿದ ಹಣದಲ್ಲಿ ಇಷ್ಟೆಂದು ಲೆಕ್ಕ ಹೇಳಿ ಯಾರ ಹಬ್ಬದ ಸಂತೋಷವನ್ನೂ ಕೆಡಿಸಲಾರೆ. ಆದರೆ ಈ ಬಾರಿ ಧ್ವಜ ದಿನ ಭಾನುವಾರ ಬಿದ್ದಿದೆ. ಶಾಲೆ-ಕಚೇರಿಗಳಿಗೆ ರಜೆಯಾದ್ದರಿಂದ ಡಬ್ಬಿ ಹಿಡಿಯುವವರೂ ಇರುವುದಿಲ್ಲ, ಹಾಕುವವರೂ ಇರುವುದಿಲ್ಲ ಎಂಬಂತಾಗಬಾರದು. ಭಾನುವಾರವೆಂದರೆ ಇಗರ್ಜಿಗಳಲ್ಲಿ ಪೂಜೆ, ಕೃಷ್ಣಮಠದ ರಥಬೀದಿಯಲ್ಲಿ, ಕುದ್ರೋಳಿ ಮತ್ತು ಕದ್ರಿಯ ದೇವಸ್ಥಾನಗಳಲ್ಲಿ ಯಾತ್ರಿಕರ ದಟ್ಟಣೆ. ಅದಕ್ಕೆ ಎರಡು ದಿನ ಮೊದಲು ಮಸೀದಿಗಳಲ್ಲಿ ಶುಕ್ರವಾರದ ಜುಮಾ. ಎನ್‌ಸಿಸಿ ಕೆಡೆಟ್‌ಗಳು ಸಂಬಂಧಪಟ್ಟವರ ಅನುಮತಿಯೊಂದಿಗೆ, ಸೈನಿಕ ಕಲ್ಯಾಣ ಇಲಾಖೆಯ ಮುದ್ರೆಯಿರುವ ಡಬ್ಬಿಗಳನ್ನೇ ಹಿಡಿದು ಈ ಸ್ಥಳಗಳಲ್ಲಿ ನಿಂತರೆ ಕಚೇರಿಯ ಕಟ್ಟಿಗಿಂತ ಹೆಚ್ಚು ಧ್ವಜಗಳು ಅಂಗಿ ಸೇರಬಹುದು. ಮುದ್ರೆಯಿರುವ ಡಬ್ಬಿ ಎಂದು ಒತ್ತಿ ಹೇಳಲು ಕಾರಣವಿದೆ. ಯೋಧರ ಹೆಸರಿನಲ್ಲಿ ಫೋನಿಗೆ ಬರುವ ಕ್ಯೂಆರ್ ಕೋಡ್‌ಗಳೆಲ್ಲ ಯೋಧರಿಗೆ ಸೇರುತ್ತವೆಂದು ನಂಬುವ ಕಾಲ ಇದಲ್ಲ.

ಹಣ ಕೊಡಲಾಗದವರು ಸಮಯ ಕೊಡಬಹುದು. ನವೆಂಬರ್ ಬಂತೆಂದರೆ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಸಲ್ಲಿಸಬೇಕು. ಸೈನಿಕರ ಪಿಂಚಣಿ ಈಗ 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ. ವ್ಯವಸ್ಥೆ ಒಳ್ಳೆಯದೇ ಇರಬಹುದು, ಆದರೆ 80ರ ಆಸುಪಾಸಿನ, ಗಂಡನ ಸೇವಾ ಪುಸ್ತಕದಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇರುವ ಅಜ್ಜಿಗೆ ಅದು ಕಬ್ಬಿಣದ ಕಡಲೆ. ಒಟಿಪಿ ಮಗನ ಫೋನಿಗೆ ಬರುತ್ತದೆ, ಮಗ ಮುಂಬೈಯಲ್ಲಿರುತ್ತಾನೆ. ನಮ್ಮ ಬೀದಿಯಲ್ಲೇ ಇರುವ ಅಂಥ ಒಬ್ಬರು ಒಂದು ಕಚೇರಿಯಿಂದ ಇನ್ನೊಂದಕ್ಕೆ ಆಟೋ ಮಾಡಿಕೊಂಡು ಅಲೆದು, ಕೊನೆಗೆ ಕಾಲೇಜಿನಲ್ಲಿ ಓದುವ ಪಕ್ಕದ ಮನೆಯ ಹುಡುಗಿಯ ಫೋನಿನಲ್ಲಿ ಮುಖ ತೋರಿಸಿ ಕೆಲವೇ ನಿಮಿಷದಲ್ಲಿ ಕೆಲಸ ಮುಗಿಸಿಕೊಂಡರು. ಅಜ್ಜಿ ಕ್ಯಾಮರಾದ ಎದುರು ಫೋಟೊಕ್ಕೆಂಬಂತೆ ಸೆರಗು ಸರಿಪಡಿಸಿಕೊಂಡು ಕಣ್ಣು ಮಿಟುಕಿಸದೆ ಕುಳಿತದ್ದರಿಂದ, ಕಣ್ಣು ಮಿಟುಕಿಸಬೇಕೆಂದು ಹುಡುಗಿ ಮತ್ತೆ ಮತ್ತೆ ಹೇಳಬೇಕಾಯಿತು. ಅಂಚೆಯ ಬ್ಯಾಂಕಿನ ವತಿಯಿಂದ ಪೋಸ್ಟ್‌ಮ್ಯಾನ್ ಮನೆಗೇ ಬಂದು 70 ರೂಪಾಯಿ ಶುಲ್ಕಕ್ಕೆ ಈ ಪ್ರಮಾಣಪತ್ರ ಮಾಡಿಕೊಡುವ ಸೌಲಭ್ಯವೂ ಇದೆ ಎಂಬುದು ಎಷ್ಟು ಮಂದಿಗೆ ಗೊತ್ತು? ಪ್ರತಿ ಕಾಲೇಜಿನ ಎನ್‌ಎಸ್‌ಎಸ್ ಘಟಕ ತನ್ನ ಸುತ್ತಲಿನ ಸೈನಿಕ ಕುಟುಂಬಗಳಿಗೆ ಇಂಥ ಒಂದು ದಿನ ಕೊಟ್ಟರೆ ಅದು ಸ್ವಚ್ಛತಾ ಅಭಿಯಾನದ ಫೋಟೊಗಿಂತ ಕಡಿಮೆಯ ಸೇವೆಯಲ್ಲ.

ಇಲ್ಲಿಯೇ ಇನ್ನೊಂದು ಮಾತು. ಯೋಧರೆಂದಾಗ ನಮ್ಮ ಕಣ್ಣಮುಂದೆ ಬರುವುದು ಸೇನೆ ಮಾತ್ರ. ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್, ಇಂಡೊ-ಟಿಬೆಟನ್ ಗಡಿ ಪೊಲೀಸ್ ಪಡೆಗಳಲ್ಲಿ ದುಡಿಯುವವರು ಗೃಹ ಸಚಿವಾಲಯದ ಅಡಿಯಲ್ಲಿ ಬರುವುದರಿಂದ ಧ್ವಜ ದಿನದ ನಿಧಿ ಅವರಿಗಲ್ಲ. ಅವರಲ್ಲಿ ಕರ್ತವ್ಯದ ವೇಳೆ ಮಡಿದವರ ಕುಟುಂಬಗಳಿಗೆ 'ಭಾರತ್ ಕೆ ವೀರ್' ಎಂಬ ಪ್ರತ್ಯೇಕ ವ್ಯವಸ್ಥೆ ಇದೆ. ಚಳಿಯೂ ಹಬ್ಬದ ಒಂಟಿತನವೂ ಅವರಿಗೆ ಬೇರೆಯಾಗಿಲ್ಲ. ಸನ್ಮಾನದ ಪಟ್ಟಿ ಮಾಡುವಾಗ 'ಅವರು ಮಿಲಿಟ್ರಿಯಲ್ಲ' ಎಂದು ಹೆಸರು ಹೊಡೆದುಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಭಿಮಾನ ಅತಿಯಾಗಿ ಅಪಾಯ ತರುವುದೂ ಉಂಟು. ರಜೆಯಲ್ಲಿ ಬಂದ ಹುಡುಗನ ಸಮವಸ್ತ್ರದ ಚಿತ್ರವನ್ನು ಆಳೆತ್ತರದ ಫ್ಲೆಕ್ಸ್‌ನಲ್ಲಿ ಹಾಕಿ, ಕೆಳಗೆ ಅವನ ಘಟಕದ ಹೆಸರು, ಈಗಿರುವ ಜಾಗ, ಹಿಂದಿರುಗುವ ದಿನಾಂಕವನ್ನೂ ಬರೆದು ವೃತ್ತದಲ್ಲಿ ನಿಲ್ಲಿಸುತ್ತಾರೆ. ಊರಿನ ಹೆಸರಿಲ್ಲದ ವಿಳಾಸಕ್ಕೆ ಕಾಗದ ಕಳುಹಿಸುವ ವ್ಯವಸ್ಥೆಯನ್ನು ಸೇನೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿರುವುದು ಏತಕ್ಕೆ ಎಂದು ಈ ಅಭಿಮಾನಿಗಳು ಒಂದು ಗಳಿಗೆ ಯೋಚಿಸಬೇಕು.

ಪರ್ಯಾಯೋತ್ಸವದ ಹೊರೆಕಾಣಿಕೆ, ಸ್ವಾಗತ ಸಮಿತಿ, ದೀಪಾಲಂಕಾರಗಳ ಸಭೆಗಳು ಈಗಾಗಲೇ ನಡೆಯುತ್ತಿವೆ. ಮಂಗಳೂರಿನಲ್ಲಿ ಕ್ರಿಸ್‌ಮಸ್ ಸೌಹಾರ್ದ ಕೂಟಗಳು ನಡೆಯಲಿವೆ. ಹಳ್ಳಿಗಳಲ್ಲಿ ದೈವಗಳ ನೇಮ, ಯಕ್ಷಗಾನದ ಆಟ, ಕಂಬಳಗಳ ಹಂಗಾಮು ತೆರೆದಿದೆ. ಈ ಸಮಿತಿಗಳವರಲ್ಲಿ ನನ್ನ ವಿನಂತಿ ಸಣ್ಣದು. ತಮ್ಮ ವ್ಯಾಪ್ತಿಯಲ್ಲಿ ಸೇವೆಯಲ್ಲಿರುವ ಯೋಧರ ಮನೆಗಳು ಯಾವುವು ಎಂಬುದು ಪಂಚಾಯತಿ ಸದಸ್ಯರಿಗೆ, ಆಶಾ ಕಾರ್ಯಕರ್ತೆಯರಿಗೆ, ಪೋಸ್ಟ್‌ಮ್ಯಾನ್‌ಗೆ ಗೊತ್ತೇ ಇರುತ್ತದೆ. ಪ್ರಸಾದವನ್ನೋ, ಆಮಂತ್ರಣವನ್ನೋ ಆ ಮನೆಗಳಿಗೆ ಯಾರಾದರೊಬ್ಬರು ಖುದ್ದಾಗಿ ಮುಟ್ಟಿಸಲಿ. ವಯಸ್ಸಾದ ತಂದೆ-ತಾಯಿಯನ್ನು ರಥಬೀದಿಗೆ ಕರೆತರಲು ಒಂದು ವಾಹನ, ಕೂರಲು ಎರಡು ಕುರ್ಚಿ ಒದಗಿಸಲಿ. ವೇದಿಕೆಗೆ ಕರೆಯುವುದು ಬೇಡ. ಆಸ್ಪತ್ರೆಗೆ ಹೋಗಬೇಕಾದರೆ, ತೋಟಕ್ಕೆ ಆಳು ಸಿಗದಿದ್ದರೆ, ಬಾವಿಯ ಪಂಪು ಕೆಟ್ಟರೆ ಯಾರಿಗೆ ಫೋನ್ ಮಾಡಬೇಕೆಂದು ಒಂದು ಸಂಖ್ಯೆಯನ್ನು ಕೊಟ್ಟು ಬಂದರೆ ಅಷ್ಟೇ ದೊಡ್ಡದು. ಗಡಿಯಲ್ಲಿರುವ ಮಗನಿಗೆ ಸಂಜೆಯ ಕರೆಯಲ್ಲಿ ತಾಯಿ ಹೇಳುವ ಮೊದಲ ಸುದ್ದಿಯೂ ಅದೇ ಆಗಿರುತ್ತದೆ.

ಪತ್ರಿಕೆಯವರಲ್ಲೂ ಒಂದು ಕೋರಿಕೆ. ಹಬ್ಬದ ಜಾಹೀರಾತುಗಳ ನಡುವೆ ಡಿಸೆಂಬರ್ 6ರ ಶನಿವಾರದ ಸಂಚಿಕೆಯಲ್ಲಿ ಒಂದು ಸಣ್ಣ ಚೌಕವನ್ನು ಬಿಡಿಸಿಕೊಂಡು ಧ್ವಜ ದಿನದ ದೇಣಿಗೆಯನ್ನು ಎಲ್ಲಿ, ಹೇಗೆ ಕೊಡಬಹುದು ಎಂಬುದನ್ನು, ಎರಡೂ ಜಿಲ್ಲೆಗಳ ಓದುಗರಿಗೆ ಅನುಕೂಲವಾಗುವಂತೆ ಸೈನಿಕ ಕಲ್ಯಾಣ ಕಚೇರಿಯ ವಿಳಾಸ ಮತ್ತು ಕೆಲಸದ ವೇಳೆಯೊಂದಿಗೆ ಪ್ರಕಟಿಸಬೇಕಾಗಿ ಕೇಳಿಕೊಳ್ಳುತ್ತೇನೆ. ಕ್ರಿಸ್‌ಮಸ್‌ಗೆ ಮುನ್ನ ಮಕ್ಕಳ ಕೈ ಸೇರಬೇಕಾದ ಪಾರ್ಸೆಲ್‌ಗಳನ್ನು ಡಿಸೆಂಬರ್ ಮೊದಲ ವಾರದಲ್ಲೇ ಅಂಚೆಗೆ ಹಾಕುವುದು ಒಳ್ಳೆಯದು. ಚಳಿಗಾಲದಲ್ಲಿ ಹಿಮ ಬಿದ್ದು ಉತ್ತರದ ಕಣಿವೆ ರಸ್ತೆಗಳು ಮುಚ್ಚುವುದರಿಂದ ಕೊನೆಯ ಹಂತದಲ್ಲಿ ತಡವಾಗುತ್ತದೆ. ವಿಳಾಸದಲ್ಲಿ ಸಂಖ್ಯೆ, ಹುದ್ದೆ, ಹೆಸರು, ಘಟಕ, ಎಪಿಒ ಇಷ್ಟನ್ನೇ ಬರೆಯಿರಿ, ಊರಿನ ಹೆಸರನ್ನು ಸೇರಿಸಬೇಡಿ. ಉಪ್ಪಿನಕಾಯಿ ಮಾತ್ರ ದಯವಿಟ್ಟು ಬೇಡ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಚೆ ನೌಕರ,
ಉಡುಪಿ